ಒಂದು ಮೀಟರ್ ಅಗಲದ ಹಾದಿ, ಆರು ಗಾಲಿಯ ಉಗಿಬಂಡಿ

1884ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಗುಬ್ಬಿಯ ಕಡೆಗೆ ರೈಲು ಹೊರಟಾಗ ಯಶವಂತಪುರದ ಆಚೀಚೆಯ ಹಳ್ಳಿಗಳಲ್ಲಿ ರಾಗಿಯನ್ನು ಸೇರು, ಕೊಳಗಗಳಲ್ಲಿ ಅಳೆಯುತ್ತಿದ್ದರು. ಬಟ್ಟೆಗೆ ಮೊಳ ಮತ್ತು ಗಜ, ದೂರಕ್ಕೆ ಹರದಾರಿ ಮತ್ತು ಮೈಲಿ. ಮೀಟರ್ ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಆದರೆ ಅವರ ಹೊಲಗಳ ಬದಿಯಲ್ಲಿ ಹಾಸಿದ ಎರಡು ಕಂಬಿಗಳ ನಡುವಿನ ಅಂತರ ಸರಿಯಾಗಿ ಒಂದು ಮೀಟರ್. ನಮ್ಮ ಅಂಗಡಿಗಳಿಗೆ ಮೀಟರ್ ಬರಲು 1956ರ ಕಾಯ್ದೆಯವರೆಗೆ ಕಾಯಬೇಕಾಯಿತು. ಹಳಿಯ ಮೇಲೆ ಅದು ಅದಕ್ಕಿಂತ 70 ವರ್ಷ ಮುಂಚೆಯೇ ಬಂದು ಕೂತಿತ್ತು.

ಈ ಒಂದು ಮೀಟರನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅಂದಿನ ಉಗಿಬಂಡಿಯ ಮೈಕಟ್ಟೆಲ್ಲ ಅರ್ಥವಾಗುತ್ತದೆ. ಅದರ ಗಾಲಿ ಏಕೆ ಚಿಕ್ಕದು, ಬಾಯ್ಲರ್ ಏಕೆ ಸಣಕಲು, ಅದು ಏಕೆ ನಿಧಾನ ಎನ್ನುವುದಕ್ಕೆಲ್ಲ ಕಂಬಿಗಳ ನಡುವಿನ ಆ ಜಾಗದಲ್ಲೇ ಉತ್ತರವಿದೆ.

ಭಾರತದ ಮೊದಲ ರೈಲು ಹಾದಿಗಳು 1,676 ಮಿಲಿಮೀಟರ್ ಅಗಲದ ಬ್ರಾಡ್ ಗೇಜಿನವು. ಮದ್ರಾಸ್ ಕಡೆಯಿಂದ ಜೋಲಾರಪೇಟೆ ದಾಟಿ 1864ರಲ್ಲಿ ಬೆಂಗಳೂರು ದಂಡು ನಿಲ್ದಾಣಕ್ಕೆ ಬಂದದ್ದೂ ಅಂಥದ್ದೇ. ಅಗಲದ ಹಾದಿಗೆ ಏರಿ ಅಗಲ, ಸೇತುವೆ ಅಗಲ, ಖರ್ಚೂ ಹೆಚ್ಚು. 1870ರಲ್ಲಿ ವೈಸ್‌ರಾಯ್ ಮೇಯೊ ಅವರ ಸರ್ಕಾರ ಹೊಸ ಹಾದಿಗಳನ್ನು ಅಗ್ಗದಲ್ಲಿ ಹಾಕಲು ಕಿರಿದಾದ ಗೇಜನ್ನು ಆರಿಸಿತು. ದೇಶಕ್ಕೆ ಮೆಟ್ರಿಕ್ ಪದ್ಧತಿ ತರುವ ಆಲೋಚನೆಯೂ ಆಗ ನಡೆದಿತ್ತು. ಹಾಗಾಗಿ ಮೂರು ಅಡಿ ಮೂರು ಇಂಚಿನ ಆಸುಪಾಸಿನ ಲೆಕ್ಕವನ್ನು ಒಂದು ಮೀಟರಿಗೆ ಸರಿ ಮಾಡಿದರು. ಮೆಟ್ರಿಕ್ ಪದ್ಧತಿ ಕಡತದಲ್ಲೇ ಉಳಿಯಿತು, ಹಳಿ ಮಾತ್ರ ನೆಲಕ್ಕಿಳಿಯಿತು.

ಮೈಸೂರು ಸಂಸ್ಥಾನಕ್ಕೆ ಈ ಅಗ್ಗದ ಹಾದಿ ಬೇಕಾಗಿ ಬಂದದ್ದು ಸಂಕಟದ ಕಾಲದಲ್ಲಿ. 1876ರಿಂದ 78ರ ಮಹಾ ಬರದಲ್ಲಿ ಸಂಸ್ಥಾನದ ಜನ ಲಕ್ಷಗಟ್ಟಲೆ ಸತ್ತರು. ಹೊರಗಿಂದ ತರಿಸಿದ ಧಾನ್ಯ ರೈಲು ಮುಗಿಯುವ ಊರಿನವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ, ಆದರೆ ಎತ್ತುಗಳಿಗೇ ಮೇವಿರಲಿಲ್ಲ. ಬೆಂಗಳೂರು–ಮೈಸೂರು ನಡುವಿನ 138 ಕಿಲೋಮೀಟರ್ ಹಾದಿ ಸುಮಾರು 55 ಲಕ್ಷ ರೂಪಾಯಿಯಲ್ಲಿ ಮುಗಿದು 1882ರಲ್ಲಿ ಮೈಸೂರು ಮುಟ್ಟಿತು. ದಿವಾನ್ ರಂಗಾಚಾರ್ಲು ಅವರ ಕಾಲ ಅದು. ಸಾಲದ ಭಾರದಿಂದ 1886ರಲ್ಲಿ ಈ ಹಾದಿಯನ್ನು ನಡೆಸುವ ಕೆಲಸ ದಕ್ಷಿಣ ಮರಾಠಾ ರೈಲ್ವೆ ಕಂಪನಿಗೆ ಹೋಯಿತು. 1890ರ ದಶಕದ ಆರಂಭದಲ್ಲಿ ಯಶವಂತಪುರದಿಂದ ಕವಲೊಡೆದು ಯಲಹಂಕ, ದೊಡ್ಡಬಳ್ಳಾಪುರ ಹಾದು ಹಿಂದೂಪುರದ ಕಡೆಗೆ ಹೋದ ಹಾದಿಯೂ ಮೀಟರ್ ಗೇಜೇ.

ಇಂಥ ಹಾದಿಗಳಲ್ಲಿ ಸರಕು ಎಳೆಯಲು ರೂಪುಗೊಂಡದ್ದು ‘ಎಫ್’ ವರ್ಗದ ಇಂಜಿನ್. ಮೀಟರ್ ಗೇಜಿಗೆಂದು ಸರ್ಕಾರ ಒಪ್ಪಿದ ಮಾದರಿಗಳಿಗೆ ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಕೊಡುತ್ತಾ ಹೋದರು, ಇದಕ್ಕೆ ಎಫ್ ಬಂತು. 1870ರ ದಶಕದ ನಡುಭಾಗದಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದ ಡಬ್ಸ್ ಕಾರ್ಖಾನೆಯಲ್ಲಿ ಇದರ ಮೊದಲ ಇಂಜಿನ್‌ಗಳು ತಯಾರಾದವು. ಮುಂದಿನ ಅರ್ಧ ಶತಮಾನ ಬೇರೆ ಬೇರೆ ಕಾರ್ಖಾನೆಗಳು ಸ್ವಲ್ಪ ಸ್ವಲ್ಪ ತಿದ್ದಿ ಇದನ್ನೇ ಕಟ್ಟಿದವು. ರಾಜಪುತಾನದ ಮರಳಿನಿಂದ ದಕ್ಷಿಣ ಮರಾಠಾ ರೈಲ್ವೆಯ ಕೆಂಪು ನೆಲದವರೆಗೆ ಎಲ್ಲೆಡೆ ದುಡಿದ ಇಂಜಿನ್ ಇದು. ರಾಜರ ಸವಾರಿಯ ಮಿರುಗುವ ಇಂಜಿನ್‌ಗಳ ಬಗ್ಗೆ ಬರೆದವರು ಬಹಳ ಜನ. ಉಪ್ಪು, ರಾಗಿ, ಸೌದೆ ಹೊತ್ತು ತಂದ ಎಫ್ ವರ್ಗದ ಮೇಲೆಯೇ ನನಗೆ ಅಕ್ಕರೆ.

ರೈಲಿನವರು ಇದನ್ನು 0-6-0 ಎಂದು ಗುರುತಿಸುತ್ತಾರೆ. ಮುಂದೆ ದಾರಿ ತೋರುವ ಪುಟ್ಟ ಗಾಲಿಗಳಿಲ್ಲ, ಹಿಂದೆ ಭಾರ ಹೊರುವ ಗಾಲಿಗಳಿಲ್ಲ. ನಡುವೆ ಆರೇ ಗಾಲಿ, ಆರೂ ದುಡಿಯುವ ಗಾಲಿ. ಪಿಸ್ಟನ್ ಒಂದು ಜೊತೆಯನ್ನು ತಿರುಗಿಸಿದರೆ ಪಕ್ಕದ ಕಬ್ಬಿಣದ ತೋಳು ಉಳಿದೆರಡು ಜೊತೆಗಳನ್ನೂ ಅದೇ ತಾಳಕ್ಕೆ ತಿರುಗಿಸುತ್ತದೆ. ಹೀಗೇಕೆ?

ಉಕ್ಕಿನ ಗಾಲಿ ಉಕ್ಕಿನ ಕಂಬಿಯನ್ನು ಹಿಡಿದುಕೊಳ್ಳುವ ಬಲ ಬಹಳ ಕಡಿಮೆ. ಒಣ ಕಂಬಿಯ ಮೇಲೂ ಗಾಲಿಯ ಮೇಲಿನ ಭಾರದ ಸುಮಾರು ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಬಲ ಹಾಕಿದರೆ ಗಾಲಿ ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ದುಡಿಯುವ ಗಾಲಿಗಳ ಮೇಲೆ 20 ಟನ್ ಇದ್ದರೆ ಇಂಜಿನ್ ಎಳೆಯಬಲ್ಲದ್ದು ಐದು ಟನ್ ಬಲದಷ್ಟು, ಅಷ್ಟೇ. ಬಾಯ್ಲರಿನಲ್ಲಿ ಎಷ್ಟು ಉಗಿ ಇದ್ದರೂ ಈ ಗಡಿ ದಾಟುವಂತಿಲ್ಲ. ಇಂಜಿನ್ನಿನ ಭಾರ ಹೆಚ್ಚಿಸೋಣವೆಂದರೆ ಅಗ್ಗದ ಹಾದಿಯ ಕಂಬಿ ತಡೆಯದು. ಆ ಕಾಲದ ಮೀಟರ್ ಗೇಜ್ ಕಂಬಿ ಗಜಕ್ಕೆ 40 ಪೌಂಡಿನ ಆಸುಪಾಸು, ಅಂದರೆ ಮೀಟರಿಗೆ ಸುಮಾರು 20 ಕಿಲೋ. ಈಗ ಮುಖ್ಯ ಹಾದಿಗಳಲ್ಲಿ ಹಾಸುವುದು ಮೀಟರಿಗೆ 60 ಕಿಲೋ ತೂಗುವ ಕಂಬಿ. ಹಾಗಾಗಿ ಇರುವ ಭಾರದಲ್ಲಿ ಒಂದು ಮಣವೂ ಸುಮ್ಮನೆ ಕೂರದಂತೆ ಮಾಡಬೇಕಿತ್ತು. ಇಂಜಿನ್ನಿನ ಅಷ್ಟೂ ತೂಕ ದುಡಿಯುವ ಗಾಲಿಗಳ ಮೇಲೇ ಬೀಳಬೇಕು, ಆ ತೂಕ ಆರು ಗಾಲಿಗಳಿಗೆ ಹಂಚಿಹೋಗಿ ಕಂಬಿಯನ್ನೂ ಕಾಯಬೇಕು. ಬಡ ಹಾದಿಗೆ ತಕ್ಕ ಜಾಣ ಇಂಜಿನ್ ಹುಟ್ಟಿದ್ದು ಹೀಗೆ.

ಉತ್ತರ ಬೆಂಗಳೂರಿನ ನೆಲವನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಅದು ದಿಣ್ಣೆ, ತಗ್ಗು, ತಗ್ಗಿನಲ್ಲೊಂದು ಕೆರೆ, ಮತ್ತೆ ದಿಣ್ಣೆಯಾಗಿ ಸಾಗುವ ನೆಲ. ಸಮತಟ್ಟಾದ ಹಾದಿಯಲ್ಲಿ ಒಂದು ಟನ್ ಸರಕನ್ನು ಉರುಳಿಸಿಕೊಂಡು ಹೋಗಲು ನಾಲ್ಕೈದು ಕಿಲೋ ಬಲ ಸಾಕು. ನೂರು ಅಡಿಗೆ ಒಂದು ಅಡಿ ಏರುವ ಹಾದಿಯಲ್ಲಿ ಪ್ರತಿ ಟನ್ನಿಗೂ ಇನ್ನೂ 10 ಕಿಲೋ ಸೇರಿಸಬೇಕು. ಕಣ್ಣಿಗೆ ಏರೆಂದೇ ಕಾಣದ ಆ ಓರೆಗೆ ಇಂಜಿನ್ನಿನ ಕೆಲಸ ಮೂರು ಪಟ್ಟಾಗುತ್ತದೆ. ಬೆಳಗಿನ ಇಬ್ಬನಿ ಬಿದ್ದ ಕಂಬಿಯಾದರೆ ಹಿಡಿತ ಇನ್ನೂ ಕಡಿಮೆ. ಅದಕ್ಕೇ ಉಗಿಬಂಡಿಯಲ್ಲಿ ಮರಳಿನ ಡಬ್ಬವಿರುತ್ತಿತ್ತು. ಗಾಲಿ ಜಾರಿದೊಡನೆ ಡ್ರೈವರ್ ಅದರ ಮುಂದೆ ಒಂದಿಷ್ಟು ಮರಳು ಸುರಿಯುತ್ತಿದ್ದ. ಇಂದಿನ ವಿದ್ಯುತ್ ಇಂಜಿನ್‌ಗಳಲ್ಲೂ ಮರಳಿನ ಪೆಟ್ಟಿಗೆ ಇದೆ, ಆ ಉಪಾಯ ಇನ್ನೂ ಹಳತಾಗಿಲ್ಲ.

ಗಾಲಿಯ ಎತ್ತರವೂ ಲೆಕ್ಕದ್ದೇ. ಎಫ್ ವರ್ಗದ ಗಾಲಿ ಒಂದು ಮೀಟರಿಗಿಂತ ತುಸು ದೊಡ್ಡದು, ಒಂದು ಸುತ್ತಿಗೆ ಇಂಜಿನ್ ಸುಮಾರು ಮೂರೂವರೆ ಮೀಟರ್ ಮುಂದೆ ಹೋಗುತ್ತದೆ. ಸೈಕಲ್ಲಿನಲ್ಲಿ ಕಡಿಮೆ ಗೇರ್ ಹಾಕಿ ಏರು ಹತ್ತುವಂತೆಯೇ ಇದು, ಎಳೆತ ಜಾಸ್ತಿ, ಓಟ ಕಡಿಮೆ. ಸಿಲಿಂಡರ್ ಎರಡು. ಪ್ರತಿಯೊಂದರಲ್ಲೂ ಉಗಿ ಪಿಸ್ಟನ್ನಿನ ಎರಡೂ ಮುಖಗಳನ್ನು ಸರದಿಯಂತೆ ತಳ್ಳುತ್ತದೆ. ಹಾಗಾಗಿ ಗಾಲಿಯ ಒಂದು ಸುತ್ತಿಗೆ ನಾಲ್ಕು ‘ಛುಕ್’. ಮಕ್ಕಳು ಆಡುವ ಚುಕುಬುಕು ಆಟದಲ್ಲಿ ಇದೇ ನಾಲ್ಕರ ತಾಳವಿದೆ. ಗಂಟೆಗೆ 10 ಕಿಲೋಮೀಟರಿನಲ್ಲಿ ಸೆಕೆಂಡಿಗೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಛುಕ್ ಕೇಳಿಸುತ್ತದೆ, ಅಷ್ಟನ್ನು ಎಣಿಸಬಹುದು. ವೇಗ ಮೂರು ಪಟ್ಟಾದರೆ ಸದ್ದುಗಳೆಲ್ಲ ಒಂದರಲ್ಲೊಂದು ಬೆರೆತು ಬರೀ ಮೊರೆತವಾಗುತ್ತದೆ.

ಈ ಸದ್ದು ವ್ಯರ್ಥವಾಗಿ ಹೋಗುವ ಉಗಿಯದ್ದಲ್ಲ. ಉಗಿಬಂಡಿಯ ಅತ್ಯಂತ ಸೊಗಸಾದ ಉಪಾಯ ಅದರೊಳಗಿದೆ. ಕಮ್ಮಾರನ ಕುಲುಮೆಯಲ್ಲಿ ಬೆಂಕಿ ಕೆರಳಿಸಲು ಒಬ್ಬರು ತಿದಿ ಒತ್ತುತ್ತಿರಬೇಕು. ಉಗಿಬಂಡಿ ತನ್ನ ತಿದಿಯನ್ನು ತಾನೇ ಒತ್ತಿಕೊಳ್ಳುತ್ತದೆ. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯ ಬುಡದಲ್ಲಿ ಕಿರುಬಾಯಿಯೊಂದರಿಂದ ಮೇಲಕ್ಕೆ ಊದಿಸುತ್ತಾರೆ. ಆ ರಭಸ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಹೊಗೆ ಹೋದ ಜಾಗಕ್ಕೆ ಬಾಯ್ಲರಿನ ಕೊಳವೆಗಳ ಮೂಲಕ ಬಿಸಿ ಗಾಳಿ, ಅದರ ಹಿಂದೆಯೇ ಉರಿಪೆಟ್ಟಿಗೆಗೆ ಹೊಸ ಗಾಳಿ ನುಗ್ಗುತ್ತದೆ. ಏರಿನಲ್ಲಿ ಇಂಜಿನ್ ಹೆಚ್ಚು ಉಗಿ ಬಳಸಿದಷ್ಟೂ ಬೆಂಕಿಗೆ ಹೆಚ್ಚು ಗಾಳಿ ಸಿಗುತ್ತದೆ, ಬೆಂಕಿ ಹೆಚ್ಚಿದಷ್ಟೂ ಹೆಚ್ಚು ಉಗಿ. ಯಾರೂ ಕೈ ಹಾಕದೆ ಬೇಕಾದಾಗ ಬೇಕಾದಷ್ಟು.

ಸಮುದ್ರಮಟ್ಟಕ್ಕಿಂತ 900 ಮೀಟರಿನಷ್ಟು ಮೇಲಿರುವ ನಮ್ಮ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ನಿನ ಬಾಯ್ಲರಿಗೆ ಊರಿನ ಎತ್ತರದ ಹಂಗಿಲ್ಲ. ಕುಕ್ಕರಿನಂತೆ ಮುಚ್ಚಿದ ಅದರೊಳಗೆ ಒತ್ತಡ ಹೊರಗಿನ ಗಾಳಿಯ ಹತ್ತು ಪಟ್ಟಾದಾಗ ನೀರು ಕುದಿಯುವುದು 180 ಡಿಗ್ರಿಯಲ್ಲಿ. ಒಂದು ಲೀಟರ್ ನೀರು ತೆರೆದ ಗಾಳಿಯಲ್ಲಿ 1,600 ಲೀಟರಿಗೂ ಹೆಚ್ಚು ಉಗಿಯಾಗಿ ಹಿಗ್ಗುತ್ತದೆ. ಆ ಹಿಗ್ಗುವಿಕೆಯನ್ನು ಅದುಮಿಟ್ಟು ಸ್ವಲ್ಪ ಸ್ವಲ್ಪವೇ ಬಿಟ್ಟು ಪಿಸ್ಟನ್ ತಳ್ಳಿಸುವುದೇ ಇಂಜಿನ್ನಿನ ಕೆಲಸ.

ಆದರೆ ಉರಿಸಿದ ನೂರು ಪಾಲು ಶಾಖದಲ್ಲಿ ಎಳೆತಕ್ಕೆ ಸಿಗುತ್ತಿದ್ದದ್ದು ಐದಾರು ಪಾಲು. ಉಳಿದದ್ದು ಚಿಮಣಿಯ ಪಾಲು. ಕಿರಿಯ ಗೇಜಿನ ಕಷ್ಟ ಇಲ್ಲೂ ಕಾಡುತ್ತಿತ್ತು: ಉರಿಪೆಟ್ಟಿಗೆ ಗಾಲಿಗಳ ನಡುವೆ ಇಳಿಯಬೇಕಾದ್ದರಿಂದ ಅದರ ಅಗಲ ಕಂಬಿಗಳ ಅಂತರ ಮೀರುವಂತಿರಲಿಲ್ಲ. ಅಷ್ಟು ಸಣ್ಣ ಒಲೆಯಲ್ಲಿ ಎಷ್ಟು ಉರಿಸಲು ಸಾಧ್ಯ? ದಕ್ಷಿಣದ ರೈಲುಗಳಿಗೆ ಮೊದಲ ದಶಕಗಳಲ್ಲಿ ಕಲ್ಲಿದ್ದಲು ದುಬಾರಿ, ಸೌದೆಯೇ ಮುಖ್ಯ ಇಂಧನ. ತೂಕಕ್ಕೆ ತೂಕ ನೋಡಿದರೆ ಸೌದೆ ಕೊಡುವ ಶಾಖ ಒಳ್ಳೆಯ ಕಲ್ಲಿದ್ದಲಿನ ಅರ್ಧದಷ್ಟು. ಫೈರ್‌ಮ್ಯಾನ್ ಬಗ್ಗಿದವನು ಎದ್ದು ನಿಲ್ಲದೆ ತುಂಡುಗಳನ್ನು ಎಸೆಯುತ್ತಲೇ ಇರಬೇಕಿತ್ತು. ಬರದಿಂದ ಜನರನ್ನು ಕಾಯಬೇಕೆಂದು ಬಂದ ರೈಲು ಕಾಡುಗಳನ್ನು ತಿನ್ನುತ್ತಾ ಓಡಿತು ಎಂಬುದನ್ನು ಮುಚ್ಚಿಡಬಾರದು.

1895ರಲ್ಲಿ ಇದೇ ಎಫ್ ವರ್ಗದ ಒಂದು ಇಂಜಿನ್ ಇತಿಹಾಸಕ್ಕೆ ಸೇರಿತು. ಅಜ್ಮೀರದ ರೈಲ್ವೆ ಕಾರ್ಖಾನೆಯಲ್ಲಿ ಭಾರತದ ಕೆಲಸಗಾರರು ಕಟ್ಟಿದ ಎಫ್-734, ಈ ದೇಶದಲ್ಲೇ ತಯಾರಾದ ಮೊದಲ ಉಗಿಬಂಡಿ. 38 ಟನ್ ತೂಕದ ಅದು ಈಗ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಕೈಚಳಕ 1895ರಲ್ಲೇ ಇಲ್ಲಿತ್ತು. ಆದರೂ ಚಿತ್ತರಂಜನ್ ಇಂಜಿನ್ ಕಾರ್ಖಾನೆ ಶುರುವಾದದ್ದು 1950ರಲ್ಲಿ. ನಡುವಿನ 55 ವರ್ಷಗಳಲ್ಲಿ ಹೆಚ್ಚಿನ ಇಂಜಿನ್‌ಗಳು ಹಡಗಿನಲ್ಲೇ ಬಂದವು. ಗ್ಲಾಸ್ಗೋದ ಕುಲುಮೆಗಳು ಆರದಿರಲೆಂದು ಅಜ್ಮೀರದ ಕೈಗಳಿಗೆ ತಕ್ಕಷ್ಟು ಕೆಲಸ ಕೊಡಲಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ಯಲಹಂಕಕ್ಕೆ 1915ರಲ್ಲಿ ಇನ್ನೂ ಕಿರಿದಾದ ಹಾದಿ ಬಂತು. ಚಿಕ್ಕಬಳ್ಳಾಪುರದ ಕಡೆಗಿನ ಆ ನ್ಯಾರೋ ಗೇಜಿನ ಅಗಲ ಬರೀ 762 ಮಿಲಿಮೀಟರ್. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಎಂದು ನಿಲ್ಲುತ್ತಾ ಹೋಗುತ್ತಿದ್ದ ಪುಟ್ಟ ರೈಲು, ಪಕ್ಕದಲ್ಲಿ ಹಿಂದೂಪುರದ ಕಡೆಯ ಮೀಟರ್ ಗೇಜ್. ಗಾಲಿಗಳ ಅಂತರ ಬೇರೆಯಾದ್ದರಿಂದ ಒಂದರ ಡಬ್ಬಿ ಇನ್ನೊಂದರ ಹಳಿ ಏರದು, ಪ್ರತಿ ಮೂಟೆಯನ್ನೂ ಹೆಗಲ ಮೇಲೆ ಹೊತ್ತು ಬದಲಿಸಬೇಕಿತ್ತು. ಗೇಜ್ ಉಳಿಸಿದ ಹಣವನ್ನು ಹಮಾಲಿಗಳ ಬೆನ್ನು ತೀರಿಸುತ್ತಿತ್ತು. 1980 ಮತ್ತು 90ರ ದಶಕಗಳಲ್ಲಿ ಈ ಎಲ್ಲ ಹಾದಿಗಳೂ ಒಂದೊಂದಾಗಿ ಅಗಲವಾಗತೊಡಗಿದವು. ಕೋಲಾರ–ಚಿಕ್ಕಬಳ್ಳಾಪುರದ ನಡುವಿನ ತುಂಡು 2013ರಲ್ಲಿ ಬ್ರಾಡ್ ಗೇಜಾಯಿತು. ಕಾಚಿಗುಡ–ಯಶವಂತಪುರ ವಂದೇ ಭಾರತ್ ಈಗ ಯಲಹಂಕದ ಮೂಲಕವೇ ಹಾದುಹೋಗುತ್ತದೆ.

ಉಗಿ ಹೋಯಿತು, ಗಾಲಿ ಯಲಹಂಕದಲ್ಲೇ ಉಳಿಯಿತು. ಎಫ್ ವರ್ಗದ ಗಾಲಿಗೆ ಎರಡು ಭಾಗ: ಕಡ್ಡಿಗಳಿರುವ ಒಳಗಾಲಿ, ಅದರ ಸುತ್ತ ಉಕ್ಕಿನ ಪಟ್ಟಿ. ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಿ ಹಾಕುವುದನ್ನು ನೋಡಿದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ತುಸು ಚಿಕ್ಕದಾಗಿ ಮಾಡಿದ ಪಟ್ಟಿಯನ್ನು ಕಾಯಿಸುತ್ತಾರೆ, ಒಂದು ಮೀಟರ್ ಅಡ್ಡಳತೆಯ ಉಕ್ಕಿನ ಬಳೆ 250 ಡಿಗ್ರಿ ಬಿಸಿಯಾದರೆ ಮೂರು ಮಿಲಿಮೀಟರ್ ಹಿಗ್ಗುತ್ತದೆ. ಆಗ ಗಾಲಿಗೆ ತೊಡಿಸಿ ತಣಿಯಲು ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಪಟ್ಟಿ ಸವೆದರೆ ಅದೊಂದನ್ನೇ ಬದಲಿಸಬಹುದಿತ್ತು. 1984ರಲ್ಲಿ ಶುರುವಾದ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಪಟ್ಟಿಯಿಲ್ಲ. ರೈಲ್ವೆಯ ಹಳೆಯ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚಿನೊಳಕ್ಕೆ ಗಾಳಿಯ ಒತ್ತಡದಿಂದ ಕೆಳಗಿನಿಂದ ಮೇಲಕ್ಕೆ ಏರಿಸಿ ಇಡೀ ಗಾಲಿಯನ್ನು ಒಂದೇ ಎರಕದಲ್ಲಿ ತೆಗೆಯುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಹಳೆಯ ಪಟ್ಟಿಗೂ ಹೊಸ ಎರಕಕ್ಕೂ ಭೇದವಿಲ್ಲ: ಕಂಬಿಗೆ ತಾಗುವ ಮೈ ಎರಡರಲ್ಲೂ ಓರೆ, ಒಳಬದಿಗೆ ದಪ್ಪ, ಹೊರಬದಿಗೆ ಸಪೂರ. ಇದರ ಕೆಲಸವನ್ನು ಮನೆಯಲ್ಲೇ ನೋಡಬಹುದು. ಎರಡು ಕಾಗದದ ಕಾಫಿ ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಅಂಟಿಸಿ, ಹಳಿಯಂತೆ ಜೋಡಿಸಿ ತುಸು ಇಳಿಜಾರಾಗಿ ಹಿಡಿದ ಎರಡು ಉದ್ದ ಕೋಲುಗಳ ಮೇಲೆ ಉರುಳಿಬಿಡಿ. ಬೇಕೆಂದೇ ಒಂದು ಪಕ್ಕಕ್ಕೆ ಸರಿಸಿ ಬಿಟ್ಟರೂ ಅದು ಆಚೀಚೆ ತುಸು ತೂಗಾಡಿ ತಾನೇ ನಡುವಿಗೆ ಬರುತ್ತದೆ. ಈಗ ಲೋಟಗಳನ್ನು ತಿರುಗಿಸಿ ಬುಡಕ್ಕೆ ಬುಡ ಅಂಟಿಸಿ ನೋಡಿ. ಎರಡು ಗೇಣು ಹೋಗುವುದರೊಳಗೆ ಕೋಲಿನಿಂದ ಕೆಳಗೆ ಬೀಳುತ್ತದೆ.