ಬೀರೂರಿನ ಕವಲುಹಳಿಯೂ ಗಣಿತಾಭ್ಯಾಸವೂ

ಬೀರೂರು ಜಂಕ್ಷನ್ನಿನಿಂದ ಒಂದು ಹಳಿ ತರೀಕೆರೆಯ ಮಾರ್ಗವಾಗಿ ಶಿವಮೊಗ್ಗೆಗೂ ಮತ್ತೊಂದು ಅಜ್ಜಂಪುರದ ಮಾರ್ಗವಾಗಿ ಚಿಕ್ಕಜಾಜೂರಿಗೂ ಕವಲೊಡೆಯುವುದನ್ನು ನಿತ್ಯವೂ ಕಾಣುವ ಪಿ.ಯು.ಸಿ. ವಿದ್ಯಾರ್ಥಿಗೆ, ಪರಿಮಾಣದೊಡನೆ ದಿಕ್ಕನ್ನೂ ಹೇಳದೆ ಚಲನೆಯ ವರ್ಣನೆ ಪೂರ್ಣವಾಗದೆಂಬ ಸದಿಶತತ್ತ್ವವನ್ನು ಬೋಧಿಸಲು ಬೇರೆ ದೃಷ್ಟಾಂತವೇ ಬೇಡ. ಪೂರ್ವಕ್ಕೆ 3 ಮೈಲಿ, ಬಳಿಕ ಉತ್ತರಕ್ಕೆ 4 ಮೈಲಿ ನಡೆದವನು ಹೊರಟೆಡೆಯಿಂದ 5 ಮೈಲಿ ದೂರದಲ್ಲಿರುವನೇ ಹೊರತು 7 ಮೈಲಿ ದೂರದಲ್ಲಲ್ಲ.

ದಿಕ್ಕಿನ ಲೆಕ್ಕದಿಂದ ಎಣಿಕೆಯ ಲೆಕ್ಕಕ್ಕೆ ಬರೋಣ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಶ್ರೇಢಿಗಳ ಮೊತ್ತವನ್ನೂ, ಸಂಭವನೀಯತೆಗೆ ಇಂದು ತಳಹದಿಯಾಗಿರುವ ವಿಕಲ್ಪಗಣನೆಯನ್ನೂ ನಿರೂಪಿಸಿದನೆಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ; 10 ಮಂದಿಯಲ್ಲಿ ಇಬ್ಬರನ್ನು 45 ವಿಧವಾಗಿ ಆರಿಸಬಹುದೆಂಬ ಲೆಕ್ಕ ಈ ಗಣನೆಯದೇ. ಇನ್ನು ಸರಾಸರಿಯ ವಿಷಯ: ತರೀಕೆರೆಯ ಮಲೆನಾಡಿನ ಮಳೆಯನ್ನೂ ಕಡೂರಿನ ಬಯಲಿನ ಮಳೆಯನ್ನೂ ಕೂಡಿಸಿ ತೆಗೆದ ಸರಾಸರಿ ಎರಡು ಸೀಮೆಗೂ ಸಲ್ಲದಾದ್ದರಿಂದಲೇ ಸಂಖ್ಯಾಶಾಸ್ತ್ರವು ಸರಾಸರಿಯೊಡನೆ ಅದರಿಂದಾಗುವ ವಿಚಲನೆಯನ್ನೂ ಕಲಿಸುವುದು.

ವಿದ್ಯಾರ್ಥಿಗಳೇ, ಉತ್ತರವನ್ನು ನೋಡುವ ಮುನ್ನ ಲೆಕ್ಕವನ್ನು ಸ್ವಹಸ್ತದಿಂದ ಒಮ್ಮೆ ಬಿಡಿಸಿರಿ.