ಪರದೇಶದಲ್ಲಿ ಇಂಗ್ಲಿಷ್ ಬೋಧನೆ ಮತ್ತು ಲೋಕಸೇವೆ

ಇಂಗ್ಲಿಷ್ ಕಲಿಸಲೆಂದು ಪರದೇಶಕ್ಕೆ ಹೋಗುವ ತರುಣರು ಅಲ್ಲಿಯ ಜನರ ಏಳಿಗೆಗಾಗಿಯೂ ದುಡಿಯಬಯಸುವುದು ಸಹಜ. ಆದರೆ ಸೇವೆಯ ಉತ್ಸಾಹದಲ್ಲಿ ಪಾಠವನ್ನು ಕಡೆಗಣಿಸಿದರೆ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತದೆ. ಪಾಠದ ಕೊಠಡಿಯಲ್ಲಿಯೇ ಉಳಿದರೆ ಊರು ಅಪರಿಚಿತವಾಗಿಯೇ ಉಳಿಯುತ್ತದೆ. ಇವೆರಡನ್ನೂ ಹೊಂದಿಸುವ ಬಗೆ ಯಾವುದು? ಕನ್ನಡ ನಾಡಿಗೆ ಬಂದ ಪರದೇಶೀಯರ ಚರಿತ್ರೆ ಇದಕ್ಕೆ ಉತ್ತರ ಹೇಳಬಲ್ಲದು.

ಜರ್ಮನಿಯ ಹರ್ಮನ್ ಮೋಗ್ಲಿಂಗರು ಬಾಸೆಲ್ ಮಿಶನ್ನಿನ ಪರವಾಗಿ ೧೮೩೬ರಲ್ಲಿ ಮಂಗಳೂರಿಗೆ ಬಂದರು. ಇಂಗ್ಲಿಷ್ ಅವರ ತಾಯ್ನುಡಿಯಲ್ಲ. ಆದರೂ ಅಲ್ಲಿ ಇಂಗ್ಲಿಷ್ ಶಾಲೆ ಕಟ್ಟುವ ಕಾರ್ಯಕ್ಕೆ ಕೈಯಿಕ್ಕಿದರು. ಅದರೊಡನೆ ಅವರು ಶ್ರಮವಹಿಸಿ ಕನ್ನಡ ಕಲಿತರು. ಆ ಕಲಿಕೆಯ ಫಲವಾಗಿಯೇ ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದಿತು. ಬಸವಪುರಾಣವೇ ಮೊದಲಾದ ಪ್ರಾಚೀನ ಕೃತಿಗಳು ಅಚ್ಚಾದವು. ಮುಂದೆ ಕೊಡಗಿನಲ್ಲಿ, ಜೀತದಲ್ಲಿ ನರಳುತ್ತಿದ್ದವರಿಗಾಗಿ ಆನಂದಪುರವೆಂಬ ನೆಲೆಯನ್ನು ನಿರ್ಮಿಸಿದರು. ಮತಪ್ರಸಾರವೇ ಅವರ ಮೂಲೋದ್ದೇಶವಾಗಿದ್ದಿತು. ಅದನ್ನು ಒಪ್ಪದವರೂ ಅವರ ಕನ್ನಡ ಸೇವೆಯನ್ನು ಮನ್ನಿಸುತ್ತಾರೆ. ಅದೇ ಮಿಶನ್ ೧೮೫೧ರಲ್ಲಿ ನಮ್ಮ ಗುಳೇದಗುಡ್ಡಕ್ಕೂ ಬಂದಿತು.

೧೯೬೧ರಲ್ಲಿ ಹುಟ್ಟಿದ ಅಮೆರಿಕದ ಪೀಸ್ ಕೋರ್ ಸಂಸ್ಥೆಯ ಸ್ವಯಂಸೇವಕರು ೧೯೭೬ರವರೆಗೆ ಭಾರತದಲ್ಲಿ ದುಡಿದರು. ಆ ಸಂಸ್ಥೆಯ ವ್ಯವಸ್ಥೆ ಗಮನಾರ್ಹವಾದುದು. ಸ್ವಯಂಸೇವಕರಿಗೆ ಮೊದಲು ಸ್ಥಳೀಯ ಭಾಷೆಯ ಶಿಕ್ಷಣ. ಅನಂತರ ಸುಮಾರು ಎರಡು ವರ್ಷಗಳ ಸೇವೆ. ಬೋಧಕನಾಗಿ ಹೋದವನಿಗೆ ಶಾಲೆಯೇ ಪ್ರಧಾನ ಕಾರ್ಯ. ಬಿಡುವಿನಲ್ಲಿ ಊರವರೊಡನೆ ಕೂಡಿ ಕೈಗೊಳ್ಳುವ ಕೆಲಸ ಎರಡನೆಯದು. ವಾಚನಾಲಯವಾಗಲಿ, ಕೈತೋಟವಾಗಲಿ, ಅದನ್ನು ಊರವರೇ ಬಯಸಿರಬೇಕು. ಏಕೆಂದರೆ ಅವಧಿ ಮುಗಿದೊಡನೆ ಬಂದವನು ಹೊರಟುಹೋಗುತ್ತಾನೆ. ಊರು ಅಲ್ಲಿಯೇ ಉಳಿಯುತ್ತದೆ. ಅವನೊಡನೆಯೇ ನಿಂತುಹೋಗುವ ಕಾರ್ಯವು ಜನರಲ್ಲಿ ಆಸೆ ಹುಟ್ಟಿಸಿ ಕೈಬಿಟ್ಟಂತೆ. ಆದುದರಿಂದ ಸ್ಥಳೀಯ ಅಧ್ಯಾಪಕನೊಬ್ಬನನ್ನು ಮೊದಲಿನಿಂದಲೂ ಜೊತೆಗಿರಿಸಿಕೊಂಡು, ಹೊರಡುವ ಮುನ್ನ ಹೊಣೆಯನ್ನು ಅವನಿಗೆ ಒಪ್ಪಿಸುವುದು ವಿವೇಕ.

ಶರಣರು ಕಾಯಕ ಮತ್ತು ದಾಸೋಹಗಳನ್ನು ಬೇರ್ಪಡಿಸಲಿಲ್ಲ. ಕಾಯಕದ ಫಲವೇ ದಾಸೋಹಕ್ಕೆ ಆಧಾರ. ಶುದ್ಧವಾದ ಪಾಠವು ಬೋಧಕನ ಕಾಯಕ. ಅದರಿಂದ ಗಳಿಸಿದ ಜನರ ವಿಶ್ವಾಸದ ಮೇಲೆ ಸೇವೆಯು ದಾಸೋಹವಾಗಿ ನಿಲ್ಲುತ್ತದೆ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸೆಳೆಗಳಿಗೆ ಸೆರಗಿನ ಹಾಸೆಳೆಗಳನ್ನು ಕುಣಿಕೆಗಳಿಂದ ಕೂಡಿಸುತ್ತಾರೆ. ಬೋಧನೆಗೂ ಸೇವೆಗೂ ಅಂಥ ಕುಣಿಕೆಯೆಂದರೆ ಆ ನಾಡಿನ ನುಡಿಯೇ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಿಂದ ಹೊರನಾಡಿಗೆ ಹೊರಡುವ ನಮ್ಮ ವಿದ್ಯಾರ್ಥಿಗಳು ಕಲಿಸುವುದಕ್ಕೆ ಮೊದಲು ಕಲಿಯಲು ಸಿದ್ಧರಾಗಲಿ.