ಲೆಕ್ಕದ ಹಾಳೆ: ಅದರ ಹಿಂದು ಮುಂದು

ಅಂಕಿಗಳನ್ನು ಅಡ್ಡಸಾಲು, ಉದ್ದಸಾಲುಗಳಲ್ಲಿ ಜೋಡಿಸಿಟ್ಟು ಕೊನೆಗೆ ಮೊತ್ತ ತೆಗೆಯುವ ಪದ್ಧತಿ ಗಣಕಯಂತ್ರದಿಂದ ಹುಟ್ಟಿದ್ದೆಂದು ನಮ್ಮಲ್ಲಿ ಅನೇಕರು ಭಾವಿಸಿರುವುದುಂಟು. ಅದು ಸರಿಯಲ್ಲ. ನಮ್ಮ ನಾಡಿನ ಶಾನುಭೋಗರು ಬಹುಕಾಲ ಕಡತಗಳಲ್ಲಿ ಲೆಕ್ಕವಿಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದುದೇ ಕಡತ. ಬೇಡವಾದುದನ್ನು ಒರಸಿ ಅಲ್ಲಿಯೇ ತಿದ್ದಿ ಬರೆಯಬಹುದಾಗಿತ್ತೆಂಬುದು ಅದರ ವಿಶೇಷ. ಆಮೇಲೆ ಕಾಗದದ ಖಾತೆ, ಕಿರ್ದಿಗಳು ಬಂದವು. ವಂಶಪಾರಂಪರ್ಯದ ಶಾನುಭೋಗಿಕೆಯನ್ನು ರದ್ದುಗೊಳಿಸಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು, ಲೆಕ್ಕವು ಸರ್ಕಾರಿ ಗ್ರಾಮ ಲೆಕ್ಕಿಗರ ಕೈಗೆ ಹೋಯಿತು. ಕೈ ಬದಲಾಯಿತೇ ಹೊರತು ಕಾಲಮ್ಮುಗಳು ಹೋಗಲಿಲ್ಲ. ಇಂದಿಗೂ ಪಹಣಿಯ 9ನೆಯ ಕಾಲಮಿನಲ್ಲಿ ಒಡೆಯನ ಹೆಸರು, 11ನೆಯದರಲ್ಲಿ ಅವನ ಋಣ.

ಹಾಗಾದರೆ ಸ್ಪ್ರೆಡ್‌ಶೀಟ್ ಎಂದು ಕರೆಯುವ ಗಣಕಯಂತ್ರದ ಹಾಳೆ ಹೊಸದಾಗಿ ಸೇರಿಸಿದ್ದೇನು? ಕಾಗದದ ಮೇಲೆ ಒಂದು ಅಂಕಿಯನ್ನು ತಿದ್ದಿದರೆ ಅದರ ಕೆಳಗಿನ ಮೊತ್ತವನ್ನೂ, ಆ ಮೊತ್ತವನ್ನು ನಂಬಿಕೊಂಡಿರುವ ಮತ್ತೊಂದು ಮೊತ್ತವನ್ನೂ ನಾವೇ ತಿದ್ದುತ್ತ ಹೋಗಬೇಕು. ಹಾರ್ವರ್ಡಿನ ವ್ಯವಹಾರಶಾಸ್ತ್ರದ ಶಾಲೆಯಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ ಈ ತಾಪತ್ರಯವನ್ನು ತಪ್ಪಿಸುವ ಉಪಾಯವನ್ನು 1978ರಲ್ಲಿ ಯೋಚಿಸಿದರು. ಬಾಬ್ ಫ್ರಾಂಕ್‌ಸ್ಟನ್ ಅದನ್ನು ಕ್ರಮವಿಧಿಯಾಗಿ ಬರೆದರು. 1979ರಲ್ಲಿ ‘ವಿಸಿಕ್ಯಾಲ್ಕ್’ ಎಂಬ ಹೆಸರಿನಿಂದ ಅದು ಆಪಲ್ ಯಂತ್ರಕ್ಕೆ ಬಂತು. ಅದರಲ್ಲಿ ಒಂದು ಮನೆಯೊಳಗೆ ಅಂಕಿಯನ್ನಾದರೂ ಇಡಬಹುದು, ಸೂತ್ರವನ್ನಾದರೂ ಇಡಬಹುದು. ಸೂತ್ರವಿಟ್ಟರೆ ಉತ್ತರ ಮೇಲೆ ಕಾಣುತ್ತದೆ, ಸೂತ್ರ ಅಡಿಯಲ್ಲಿ ಅಡಗಿರುತ್ತದೆ. ಈ ಮೇಲು ಕೆಳಗಿನ ಏರ್ಪಾಡನ್ನು ವಾಚಕರು ನೆನಪಿನಲ್ಲಿಡಬೇಕು. ಈ ಹಾಳೆಯ ಲಾಭವೂ ಅಪಾಯವೂ ಅಲ್ಲಿಯೇ ಇವೆ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. 1983ರಲ್ಲಿ ‘ಲೋಟಸ್ 1-2-3’, 1985ರಲ್ಲಿ ‘ಎಕ್ಸೆಲ್’, 2006ರಲ್ಲಿ ಹಲವರು ಹಲವು ಊರುಗಳಲ್ಲಿ ಕುಳಿತು ಒಂದೇ ಹಾಳೆಯಲ್ಲಿ ಬರೆಯಬಹುದಾದ ಗೂಗಲ್ಲಿನ ಹಾಳೆ. ವಿಸಿಕ್ಯಾಲ್ಕಿಗೆ 254 ಸಾಲುಗಳಿದ್ದವು. 2007ರ ಎಕ್ಸೆಲ್ಲಿಗೆ 10,48,576. ಇದನ್ನೇ ಬೆಳವಣಿಗೆ ಎನ್ನುವವರುಂಟು. ಹೊಲ ದೊಡ್ಡದಾದ ಮಾತ್ರಕ್ಕೆ ಬೇಸಾಯ ತಿಳಿದಂತಾಗುವುದೆ?

ಈಗ ನಮ್ಮ ಬಸವಾಪಟ್ಟಣದ ಕಡೆಯ ಒಂದು ಲೆಕ್ಕವನ್ನು ನೋಡೋಣ. ನಾವು ಜಮೀನನ್ನು ಅಳೆಯುವುದು ಎಕರೆ, ಗುಂಟೆಗಳಲ್ಲಿ. 40 ಗುಂಟೆಗೆ 1 ಎಕರೆ. ಎರಡು ಎಕರೆ ಮೂವತ್ತು ಗುಂಟೆಯನ್ನು ನಡುವೆ ಚುಕ್ಕಿಯಿಟ್ಟು 2.30 ಎಂದು ಬರೆಯುವುದು ರೂಢಿ. ಬರೆದವನಿಗೂ ಓದುವವನಿಗೂ ಆ ಚುಕ್ಕಿ ಬರಿಯ ಬೇಲಿ. ಯಂತ್ರಕ್ಕೆ ಮಾತ್ರ ಅದು ದಶಾಂಶದ ಚುಕ್ಕಿ. ಆದುದರಿಂದ 2.30 ಎಂದು ತುಂಬಿದೊಡನೆ, ನಾವು ಬೇರೆ ಏರ್ಪಾಡು ಮಾಡಿರದಿದ್ದರೆ, ಅದು ಕೊನೆಯ ಸೊನ್ನೆಯನ್ನು ಬಿಸುಟು 2.3 ಎಂದು ತೋರಿಸುತ್ತದೆ. ಮೂವತ್ತು ಗುಂಟೆ ನೋಡುವವನ ಕಣ್ಣಿಗೆ ಮೂರು ಗುಂಟೆಯಾಯಿತು!

ಕೂಡುವಾಗ ಇನ್ನೂ ಕಷ್ಟ. ಮೂರು ಹಿಡುವಳಿಗಳು 1.38, 2.36, 1.39 ಎಂದಿವೆಯೆನ್ನಿ. ಯಂತ್ರವು 5.13 ಎಂದು ಹೇಳುತ್ತದೆ. ಐದು ಎಕರೆ ಹದಿಮೂರು ಗುಂಟೆ; ನೋಡುವುದಕ್ಕೆ ಯಾವ ದೋಷವೂ ಇಲ್ಲ. ಆದರೆ ಕೈಯಲ್ಲಿ ಕೂಡಿದರೆ ಎಕರೆ 4, ಗುಂಟೆ 113. ಆ 113ರಲ್ಲಿ ಎರಡು ಎಕರೆ ಹೋಗಿ 33 ಉಳಿಯುತ್ತದೆ. ಅಂದರೆ 6 ಎಕರೆ 33 ಗುಂಟೆ. ಯಂತ್ರ ತಪ್ಪಾಗಿ ಕೂಡಿಲ್ಲ. ತಾನು ಕೂಡುತ್ತಿರುವುದು ಏನನ್ನು ಎಂಬುದು ಅದಕ್ಕೆ ತಿಳಿದಿಲ್ಲ, ಅಷ್ಟೆ. ಆದರೂ ಒಂದೂವರೆ ಎಕರೆ ಹಾಳೆಯ ಮೇಲಿಂದ ಮಾಯವಾಯಿತು.

ಇದು ಬರಿಯ ಕಲ್ಪನೆಯಲ್ಲ. ನಮ್ಮ ಮನೆಯಲ್ಲಿ ಪಾಲಿನ ಮಾತು ನಡೆದಾಗ ಪೇಟೆಯ ಒಂದು ಅಂಗಡಿಯಲ್ಲಿ ಅಚ್ಚು ಮಾಡಿಸಿ ತಂದ ಪಟ್ಟಿಯಲ್ಲಿ ಒಂದು ಪಾಲಿನ ಮೊತ್ತ 3.5 ಎಂದಿತ್ತು. ನಮ್ಮ ತಂದೆಯವರು ಶಾಲೆಗೆ ಹೋದವರಲ್ಲ. ಪಟ್ಟಿಯನ್ನು ನಾನೇ ಓದಿ ಹೇಳಿದೆ. ಅವರು ತಕ್ಷಣ, “ಒಂದು ಕಡೆ ಎರಡು ಮೂವತ್ತು, ಇನ್ನೊಂದು ಕಡೆ ಒಂದು ಇಪ್ಪತ್ತು. ನಾಲ್ಕು ಎಕರೆ ಹತ್ತು ಗುಂಟೆ ಆಗಬೇಕಲ್ಲ?” ಎಂದರು. ಪಟ್ಟಿ ಮತ್ತೆ ಬರೆಯಲ್ಪಟ್ಟಿತು. ಅವರು ಉತ್ತದ್ದು ತಮ್ಮ ಹೊಲವನ್ನೇ ಆದುದರಿಂದ ಅವರಿಗೆ ತಿಳಿಯಿತು. ಮುನ್ನೂರು ಸಾಲಿನ ಪಟ್ಟಿಯಲ್ಲಿ, ಹೊಲಗಳನ್ನು ನೋಡಿಯೇ ಇಲ್ಲದ ಕಡೆಯಲ್ಲಿ, ಹೀಗೆ ಕೇಳುವವರಾರು?

ಪರಿಹಾರ ಕಠಿಣವೇನಲ್ಲ. ಎಕರೆಗೊಂದು, ಗುಂಟೆಗೊಂದು ಕಾಲಮ್ಮು ಮಾಡಿ, ಗುಂಟೆಯ ಮೊತ್ತವನ್ನು 40ರಿಂದ ಭಾಗಿಸಿ, ಭಾಗಲಬ್ಧವನ್ನು ಎಕರೆಗೆ ಸೇರಿಸಿ, ಶೇಷವನ್ನು ಗುಂಟೆಯಲ್ಲಿ ಉಳಿಸಬೇಕು. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ಎಕರೆಯನ್ನೂ ಗುಂಟೆಯನ್ನೂ ಬೇರೆಬೇರೆಯಾಗಿಯೇ ಇಟ್ಟಿದ್ದಾರೆ. ಅದು ಸ್ಪ್ರೆಡ್‌ಶೀಟ್ ಅಲ್ಲ, ದತ್ತಸಂಚಯ. ಯಾವ ಕಾಲಮಿನಲ್ಲಿ ಏನಿರಬೇಕೆಂದು ಅಲ್ಲಿ ಮೊದಲೇ ಗೊತ್ತುಮಾಡಿರುತ್ತಾರೆ. ಸ್ಪ್ರೆಡ್‌ಶೀಟಿನಲ್ಲಿ ಯಾರು ಎಲ್ಲಿ ಏನನ್ನು ಬೇಕಾದರೂ ಬರೆಯಬಹುದು. ಆ ಸಲಿಗೆಯಿಂದಲೇ ಅದು ಇಷ್ಟು ಜನಪ್ರಿಯವಾಗಿದೆ. ಮುಂದೆ ಈ ಎರಡೂ ಹತ್ತಿರ ಬರಬೇಕೆಂದು ನನ್ನ ಅಭಿಪ್ರಾಯ: ಹಾಳೆಯ ಸಲಿಗೆ ಉಳಿಯಲಿ, ಆದರೆ ಪ್ರತಿಯೊಂದು ಮನೆಗೂ ತನ್ನೊಳಗಿರುವುದು ಗುಂಟೆಯೋ ರೂಪಾಯಿಯೋ ಕ್ವಿಂಟಾಲೋ ಎಂಬ ಅರಿವು ಬರಲಿ. ಎಕ್ಸೆಲ್ಲಿನಲ್ಲಿ 2020ರಿಂದೀಚೆಗೆ ‘ಲ್ಯಾಂಬ್ಡಾ’ ಎಂಬ ಸೌಕರ್ಯವಿದೆ. ಅದರಿಂದ ನಮ್ಮದೇ ಒಂದು ನಿಯಮಕ್ಕೆ ಹೆಸರಿಟ್ಟು, ಬೇಕಾದಾಗಲೆಲ್ಲ ಆ ಹೆಸರಿನಿಂದ ಕರೆಯಬಹುದು. ಗುಂಟೆ ಕೂಡುವ ವಿಧಾನವನ್ನು ಒಮ್ಮೆ ಬರೆದಿಟ್ಟರೆ ಸಾಕು.

ಮನುಷ್ಯ ಯಂತ್ರಕ್ಕೆ ಬಗ್ಗಬೇಕೋ, ಯಂತ್ರ ಮನುಷ್ಯನಿಗೋ ಎಂಬ ಪ್ರಶ್ನೆ ಹೊರದೇಶಗಳಲ್ಲಿಯೂ ಎದ್ದಿದೆ. ಜೀವಶಾಸ್ತ್ರಜ್ಞರು ‘ಮಾರ್ಚ್1’ ಎಂದು ಹೆಸರಿಟ್ಟಿದ್ದ ಒಂದು ಜೀನನ್ನು ಎಕ್ಸೆಲ್ ಮಾರ್ಚ್ ತಿಂಗಳ ಮೊದಲನೆಯ ತಾರೀಖೆಂದು ತಿಳಿದು ಬದಲಿಸಿಬಿಡುತ್ತಿತ್ತು. ಇದರಿಂದ ಬೇಸತ್ತು 2020ರಲ್ಲಿ ವಿಜ್ಞಾನಿಗಳೇ ಅಂಥ ಜೀನುಗಳ ಹೆಸರುಗಳನ್ನು ಬದಲಾಯಿಸಿಕೊಂಡರು. ಈ ಬದಲಾವಣೆಯನ್ನು ನಿಲ್ಲಿಸುವ ಗುಂಡಿ ಎಕ್ಸೆಲ್ಲಿಗೆ ಬಂದದ್ದು 2023ರಲ್ಲಿ! ಕನ್ನಡಿಗರ ಅನುಭವವೂ ಬೇರೆಯಲ್ಲ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡ ಹೆಸರುಗಳನ್ನು ತುಂಬಿದರೆ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಅಕಾರಾದಿಯಾಗಿ ಜೋಡಿಸು ಎಂದರೆ ಪಟ್ಟಿ ಚೆಲ್ಲಾಪಿಲ್ಲಿಯಾಗುತ್ತಿತ್ತು. ಯೂನಿಕೋಡ್ ಬಂದ ಮೇಲೆ ‘ಕ’ ಎಂಬುದು ಯಂತ್ರಕ್ಕೂ ‘ಕ’ ಆಯಿತು. ಅಕ್ಷರಕ್ಕೆ ದೊರೆತ ಈ ಮರ್ಯಾದೆ ಗುಂಟೆಗೂ ದೊರೆಯಬೇಡವೆ?

ಈಚಿನ ವರ್ಷಗಳಲ್ಲಿ ಇನ್ನೊಂದು ದೊಡ್ಡ ಮಾರ್ಪಾಡು ಬಂದಿದೆ. ಸೂತ್ರವನ್ನು ನಾವು ಬರೆಯಬೇಕಾದುದಿಲ್ಲ. ಬೇಕಾದುದನ್ನು ಸಾಮಾನ್ಯ ಮಾತಿನಲ್ಲಿ ಹೇಳಿದರೆ ಕೃತಕ ಬುದ್ಧಿಮತ್ತೆಯೇ ಸೂತ್ರವನ್ನು ಬರೆದುಕೊಡುತ್ತದೆ. ಇಂಗ್ಲಿಷ್ ಸೂತ್ರಗಳಿಗೆ ಹೆದರುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಡಿಯಲ್ಲಿ ಅಡಗಿದ್ದ ಸೂತ್ರ ಇದರಿಂದ ಇನ್ನೊಂದು ಅಡಿ ಕೆಳಗೆ ಹೋದಂತಾಯಿತು. ಬರೆದವನೇ ಅದನ್ನು ಓದಿರುವುದಿಲ್ಲ.

ಸೂತ್ರ ಓದುವುದರಿಂದ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನವುಂಟು. ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು, ಸರ್ಕಾರದ ಸಾಲ ಮಿತಿಮೀರಿದರೆ ದೇಶದ ಬೆಳವಣಿಗೆ ಕುಗ್ಗುತ್ತದೆಂದು 2010ರಲ್ಲಿ ಒಂದು ಪ್ರಬಂಧದಲ್ಲಿ ಬರೆದರು. ಹಲವು ದೇಶಗಳ ರಾಜಕಾರಣಿಗಳು ಅದನ್ನು ಎತ್ತಿ ಹೇಳಿ ಖರ್ಚು ಕಡಿತವನ್ನು ಸಮರ್ಥಿಸಿದರು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಥಾಮಸ್ ಹೆರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಹಾಳೆಯನ್ನೇ ತರಿಸಿಕೊಂಡು ನೋಡಿದಾಗ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಸೇರಿಯೇ ಇರಲಿಲ್ಲ. ಇನ್ನೂ ಕೆಲವು ಕೊರತೆಗಳೊಡನೆ ಇದು 2013ರಲ್ಲಿ ಪ್ರಕಟವಾಯಿತು. ಅವರು ಹಾಳೆಯನ್ನು ಕೊಡದೆ ಉತ್ತರವನ್ನು ಮಾತ್ರ ಕೊಟ್ಟಿದ್ದರೆ ಆ ವಿದ್ಯಾರ್ಥಿ ಏನು ಮಾಡಬಹುದಾಗಿತ್ತು?

ನಾಳೆ ನಮ್ಮ ಊರಿನ ರೈತನೊಬ್ಬ ಕೈಯ ಫೋನಿಗೆ ಕನ್ನಡದಲ್ಲಿಯೇ, “ನನ್ನ ಮೂರು ಹೊಲ ಸೇರಿ ಎಷ್ಟಾಯಿತು?” ಎಂದು ಕೇಳುವ ದಿನ ದೂರವಿಲ್ಲ. ಆಗ ಉತ್ತರದ ಜೊತೆಗೆ ಹಾದಿಯನ್ನೂ ತೋರಿಸುವ ಯಂತ್ರವೇ ಬೇಕು: ಎಕರೆ ನಾಲ್ಕು, ಗುಂಟೆ ನೂರ ಹದಿಮೂರು, ಅದರಲ್ಲಿ ಎಕರೆ ಎರಡು, ಉಳಿದದ್ದು ಮೂವತ್ತಮೂರು. ಸದ್ಯಕ್ಕೆ ನಮ್ಮ ಕೈಯಲ್ಲಿರುವ ಎಕ್ಸೆಲ್ಲಿನಲ್ಲಿ ‘ಫಾರ್ಮುಲಾಸ್’ ಎಂಬಲ್ಲಿ ‘ಶೋ ಫಾರ್ಮುಲಾಸ್’ ಎಂಬುದನ್ನು ಒತ್ತಿದರೆ ಉತ್ತರಗಳು ಮರೆಯಾಗಿ, ಅಡಿಯಲ್ಲಿದ್ದ ಸೂತ್ರಗಳೆಲ್ಲ ಹಾಳೆಯ ಮೇಲೆ ಕಾಣಿಸುತ್ತವೆ.